ಚಿಕ್ಕಮ್ಮನ ಹಸಿರು ಗೆರೆ

ಫೆಬ್ರವರಿ ೩, ಮಂಗಳವಾರ. ಬೆಳಿಗ್ಗೆ

ಬೀಗ ತೆಗೆದೆ. ಎ.ಸಿ. ಕೆಳಗಿನ ಬಕೆಟ್ ಅರ್ಧ ತುಂಬಿತ್ತು, ಚೆಲ್ಲಿ ಬಂದೆ. ಫ್ಯಾನಿನ ಗೊರಗೊರ ನಿಂತಿದೆ. ಬ್ಯಾಕಪ್ ಮುಗಿದಿದೆ. ಡಿಸ್ಕ್‌ನಲ್ಲಿ ಜಾಗ ಇದೆ. ಒಟ್ಟಿನಲ್ಲಿ ಮುದುಕ ಕ್ಷೇಮ.

ಮುದುಕ ಅಂದರೆ ನಮ್ಮ ಯುನಿಕ್ಸ್ ಸರ್ವರ್, ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಹಳೆಯ ಯಂತ್ರ. ಆಸ್ಪತ್ರೆಯವರು ನನ್ನನ್ನು ಎದುರಿಗೆ ಅಮ್ಮ ಅನ್ನುತ್ತಾರೆ, ಬೆನ್ನ ಹಿಂದೆ ಸರ್ವರಜ್ಜಿ. ಬೇಜಾರಿಲ್ಲ. ಟೈಪಿಸ್ಟ್ ಆಗಿ ಸೇರಿದವಳು, ಮ್ಯಾನುಯಲ್ ಓದಿ ಓದಿ ಈ ಕೋಣೆಗೆ ಬಂದು ಕೂತೆ. ಒಂದು ಬಿರುದಾದರೂ ಬೇಡವೇ.

ಕಾಫಿ ಬಾಯಿಗಿಡುವಷ್ಟರಲ್ಲಿ ಎಲುಬಿನ ಡಾಕ್ಟರು ಬಾಗಿಲಲ್ಲಿ. ಹೊಳೆಯಾಚೆಯ ನಮ್ಮ ದವಾಖಾನೆಯಿಂದ ಬಂದ ಎಕ್ಸ್‌ರೇ ತೋರಿಸಿದರು. ಭುಜದಿಂದ ಮೊಣಕೈವರೆಗೆ ಕೈ ಇದೆ. ಅದರ ಕೆಳಗೆ ಬರೀ ಬೂದು.

“ಮುರಿದಿರೋದು ಮಣಿಕಟ್ಟು, ಅಮ್ಮ. ಅದೊಂದೇ ಬಂದಿಲ್ಲ.”

ಈಚೆಗೆ ಫಿಲ್ಮ್ ಬಿಟ್ಟು ಲೈನಿನಲ್ಲಿ ಚಿತ್ರ ಕಳಿಸತೊಡಗಿದಾಗಿನಿಂದ ದಿನವೂ ಇದೇ ಕಥೆಯಂತೆ. ಚಿತ್ರ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಕಳಿಸಿದರೆ ಇನ್ನೂ ಮುಂಚೆ ನಿಲ್ಲುತ್ತದೆ. ಕೊನೆಗೆ ಮುರಿದ ಕೈ ಹಿಡಿದುಕೊಂಡು ಮನುಷ್ಯರೇ ಹೊಳೆ ದಾಟಿ ಬರಬೇಕು.

ಕಾರಿಡಾರಿಗೆ ಹೋಗಿ ಗೋಡೆಯ ಮೇಲಿನ ಹೊಸ ಪರದೆ ನೋಡಿದೆ. ಐದು ಲೈನಿಗೆ ಐದು ಗ್ರಾಫು, ಐದು ದೀಪ. ಐದೂ ಹಸಿರು. ಚಿಕ್ಕಮ್ಮನದೂ ಹಸಿರು.

ಈ ಹೆಸರುಗಳು ನಾನಿಟ್ಟದ್ದು. ಸರ್ವರ್ ಬೆನ್ನಿಗೆ ಐದು ನೆಟ್‌ವರ್ಕ್ ಕಾರ್ಡು, ಐದು ಕೇಬಲ್ಲು, ಐದು ದಿಕ್ಕು. ಯಂತ್ರ ಕೊಡುವ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮನೆಯಲ್ಲಿ ನನ್ನ ಮಕ್ಕಳು ಕರೆಯುವ ಹೆಸರುಗಳನ್ನೇ ಇಟ್ಟೆ. ಹೊರಗಿನ ಲೈನು ಅಜ್ಜಿ — ಲೋಕದ ಸುದ್ದಿಯೆಲ್ಲ ಮೊದಲು ಮುಟ್ಟುತ್ತಿದ್ದುದು ಅವರಿಗೇ. ಲೆಕ್ಕಪತ್ರದ ಕೋಣೆ ತಾತ. ಲ್ಯಾಬು ಅತ್ತೆ — ಯಾರ ರಕ್ತದಲ್ಲಿ ಏನಿದೆ ಅಂತ ಬೇರೆ ಯಾರು ಹೇಳಬೇಕು. ಹೋದ ವರ್ಷ ಇನ್ನೆರಡು ಕಾರ್ಡು ಬಂದವು. ಔಷಧಿ ಉಗ್ರಾಣದಲ್ಲಿ ನನ್ನ ಮೈದುನ ಇದ್ದಾನೆ, ಆ ಲೈನು ಚಿಕ್ಕಪ್ಪ. ಹೊಳೆಯಾಚೆ ಎಕ್ಸ್‌ರೇ ತೆಗೆಯುವವಳು ಅವನ ಹೆಂಡತಿ, ನನ್ನ ವಾರಗಿತ್ತಿ. ಆ ಲೈನು ಚಿಕ್ಕಮ್ಮ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಮುದುಕನಿಗೆ ನಮ್ಮ ಅಕ್ಷರ ಬಾರದು.

ವಾರಗಿತ್ತಿಗೆ ಫೋನ್ ಮಾಡಿದೆ. ಸಣ್ಣಪುಟ್ಟ ಚೀಟಿ ಎಲ್ಲ ಹೋಗುತ್ತದೆಯಂತೆ. ಚಿತ್ರಕ್ಕೇ ಮುನಿಸು.

ಫೆಬ್ರವರಿ ೪, ಬುಧವಾರ

ಸೂಪರಿಂಟೆಂಡೆಂಟರು ಮೀಟಿಂಗ್ ಕರೆದರು. ಮನುಷ್ಯ ಕೆಟ್ಟವರಲ್ಲ. ಪರದೆಯ ಮೇಲೆ ಅವರಿಗೆ ವಿಪರೀತ ಪ್ರೀತಿ, ಅಷ್ಟೆ. ಯಾರೇ ಬಂದರೂ ಮೊದಲು ಅದರ ದರ್ಶನ, ಆಮೇಲೆ ವಾರ್ಡು.

ತೀರ್ಮಾನ ಆಗಿಯೇ ಹೋಯಿತು. ದಾರಿ ಹಸಿರು ಅಂದರೆ ದಾರಿ ಸರಿಯಿದೆ. ದಾರಿ ಸರಿಯಿದ್ದೂ ಚಿತ್ರ ಬರುತ್ತಿಲ್ಲ ಅಂದರೆ ತಪ್ಪು ಆ ತುದಿಯದು. ಕಳಿಸುವವಳಿಗೆ ಕಳಿಸಲು ಬರುತ್ತಿಲ್ಲ. ತಿಂಗಳ ಕೊನೆಗೆ ಹೊಳೆಯಾಚೆಯ ಎಕ್ಸ್‌ರೇ ಕೋಣೆ ಮುಚ್ಚುವುದು, ಮೆಷಿನ್ ಇಲ್ಲಿಗೆ, ಅವಳು ಇಲ್ಲಿಯ ನೆಲಮಾಳಿಗೆಗೆ, ಹಳೆಯ ಫೈಲು ಜೋಡಿಸಲಿಕ್ಕೆ.

ನಾನು ಏನೋ ಹೇಳಿದೆ. ನಿಮ್ಮ ಮನೆಯವರಲ್ಲವೇ ಅಮ್ಮ ಅಂದರು, ನಗುತ್ತಲೇ. ಎದ್ದು ನನ್ನ ಕೋಣೆಗೆ ಬಂದೆ.

ಹತ್ತು ವರ್ಷ ಒಬ್ಬಳೇ ಆ ಕೋಣೆ ನಡೆಸಿದ್ದಾಳೆ. ಬೆರಳು ಮುರಿದವರು, ಕಾಲು ಉಳುಕಿದವರು, ನಾಣ್ಯ ನುಂಗಿದ ಮಕ್ಕಳು — ಯಾರನ್ನೂ ಇಲ್ಲ ಅಂತ ತಿರುಗಿಸಿ ಕಳಿಸಿದವಳಲ್ಲ. ಅವಳಿಗೆ ಕಳಿಸಲು ಬರುವುದಿಲ್ಲವಂತೆ...

ಫೆಬ್ರವರಿ ೬, ಶುಕ್ರವಾರ

ಎರಡು ದಿನದಿಂದ ಲೈನಿನ ಬೆನ್ನು ಬಿದ್ದಿದ್ದೇನೆ. ಪಿಂಗ್ ಮಾಡಿದರೆ ಕೂಗಿದ ಕೂಡಲೇ ಓ ಅನ್ನುತ್ತದೆ. ಪುಟ್ಟ ಫೈಲು ಹೋಗುತ್ತದೆ, ಬರುತ್ತದೆ. ದೊಡ್ಡದು ಬಂದರೆ ಏದುಸಿರು.

ಪರದೆ ಕೂರಿಸಿದ ಇಂಜಿನಿಯರನ್ನು ಕರೆಸಿದೆ. ಎಂಥ ಸೆಕೆಯಲ್ಲೂ ಟೈ ಕಟ್ಟುತ್ತಾನೆ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಟೈ. ಒಳ್ಳೆಯ ಹುಡುಗ, ಕೆಲಸ ಬಲ್ಲವನು. ಚಿಕ್ಕಮ್ಮನ ಗ್ರಾಫು ದೊಡ್ಡದು ಮಾಡಿ ತೋರಿಸಿದ. ಎರರ್ ಸೊನ್ನೆ. ಇಷ್ಟು ಸೊಗಸಾದ ಗೆರೆ ನಾನು ಬೇರೆ ಎಲ್ಲೂ ನೋಡಿಲ್ಲ ಅಮ್ಮ ಅಂದ.

ಅದೇ ಮನಸ್ಸಿಗೆ ಚುಚ್ಚಿತು. ಹೊಳೆಯ ಮೇಲೆ ಗಾಳಿಯಲ್ಲಿ ಹಾದುಬರುವ ರೇಡಿಯೋ ಲೈನು ಅದು. ಅಷ್ಟು ಸೊಗಸಾಗಿ ಇರುವ ಹಕ್ಕು ಅದಕ್ಕಿಲ್ಲ.

ಫೆಬ್ರವರಿ ೮, ಭಾನುವಾರ. ಮಧ್ಯಾಹ್ನ

ಬಕೆಟ್ ತುಂಬಿ ಹರಿದೀತು ಅಂತ ರಜೆಯಲ್ಲೂ ಆಸ್ಪತ್ರೆಗೆ ಬಂದೆ. ಬಂದದ್ದು ಒಳ್ಳೆಯದಾಯಿತು.

ಕಾರಿಡಾರ್ ಖಾಲಿ. ಪರದೆ ಒಂದೇ ಎಚ್ಚರ. ಎರಡು ಗಂಟೆಯ ಸುಮಾರಿಗೆ ಚಿಕ್ಕಪ್ಪನ ಗೆರೆ ದಿಬ್ಬದ ಹಾಗೆ ಎದ್ದಿತು. ಸರಿಯೇ. ಉಗ್ರಾಣದ ವಾರದ ದಾಸ್ತಾನು ಭಾನುವಾರ ಆ ಹೊತ್ತಿಗೆ ತನ್ನಷ್ಟಕ್ಕೆ ಬರುತ್ತದೆ. ಆದರೆ ಪಕ್ಕದಲ್ಲೇ ಚಿಕ್ಕಮ್ಮನ ಗೆರೆಯೂ ಎದ್ದಿತು. ಅದೇ ದಿಬ್ಬ. ಅದೇ ಎತ್ತರ.

ಭಾನುವಾರ ದವಾಖಾನೆಗೆ ಬೀಗ. ಅಲ್ಲಿ ಯಾರು ಏನು ಕಳಿಸಿಯಾರು?

ಕೋಣೆ ತೆರೆದಿದ್ದಾಳೋ ಏನೋ ಅಂತ ವಾರಗಿತ್ತಿಯ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದವನು ಮೈದುನ.

“ಅವಳು ಮನೇಲೇ ಇದಾಳೆ ಅತ್ತಿಗೆ. ಚೆನ್ನಾಗಿದಾಳೆ.”

“ಅವಳ ಫೋನಿಗಲ್ವೇನೋ ನಾನು ಮಾಡಿದ್ದು?”

“ಯಾರ ಫೋನಾದ್ರೇನು, ಎತ್ತಕ್ಕೆ ನಾನಿದೀನಲ್ಲ.”

ಹಿಂದಿನಿಂದ ಅವಳ ದನಿ — ಅಕ್ಕನಾ, ಕೊಡಿ ಇಲ್ಲಿ. ಇವನು ಕೊಡಲಿಲ್ಲ. ಅವಳಿಗೆ ನೆಗಡಿ ಹೋಗಿದೆ, ಅವಳು ಊಟ ಮಾಡಿದಳು, ಅವಳಿಗೆ ಬೇಜಾರೇನೂ ಇಲ್ಲ. ಎಲ್ಲ ವರದಿಯೂ ಅವನದೇ. ಮದುವೆಯಾದ ದಿನದಿಂದ ಹೀಗೇ. ಅವಳನ್ನು ಕೇಳಿದರೆ ಇವನು ಹೇಳುತ್ತಾನೆ.

ಫೋನ್ ಇಟ್ಟೆ. ಪರದೆ ನೋಡಿದೆ. ಫೋನ್ ನೋಡಿದೆ.

ಅಯ್ಯೋ ನನ್ನಪ್ಪಾ. ಅಲ್ಲೂ ಇವನೇ ಎತ್ತುತ್ತಿದ್ದಾನೆ!

ಫೆಬ್ರವರಿ ೯, ಸೋಮವಾರ. ಸಂಜೆ

ಊಟಕ್ಕೂ ಮುಂಚೆ ಬರೆಯಲು ಕೂತಿದ್ದೇನೆ, ಅಷ್ಟು ಖುಷಿ.

ಬೆಳಿಗ್ಗೆ ಟೈಯನ್ನು ಕರೆದೆ. ಸೂಪರಿಂಟೆಂಡೆಂಟರನ್ನೂ ಕಾರಿಡಾರಿನಲ್ಲಿ ಪರದೆಯ ಮುಂದೆ ನಿಲ್ಲಿಸಿದೆ. ಹೊಳೆಯಾಚೆ ಕೋಣೆ ತೆರೆಯುವ ಮುಂಚೆಯೇ, ಯಾರ ಚಿತ್ರವೂ ಕೆಡಬಾರದು ಅಂತ. ಒಳಗೆ ಹೋಗಿ ಸರ್ವರ್ ಬೆನ್ನಿನಿಂದ ಚಿಕ್ಕಮ್ಮನ ಕೇಬಲ್ ಕಿತ್ತು, ಅದನ್ನೇ ಕೈಯಲ್ಲಿ ಹಿಡಿದು ಎಷ್ಟು ಉದ್ದ ಬರುತ್ತದೋ ಅಷ್ಟು ಎಳೆದು ಬಾಗಿಲಲ್ಲಿ ನಿಂತೆ. ಲೈನಿನ ತುದಿ ನನ್ನ ಮುಷ್ಟಿಯಲ್ಲಿ. ಪರದೆಯ ಮೇಲೆ ಚಿಕ್ಕಮ್ಮ ನಗುನಗುತ್ತ ಹಸಿರು.

ಸೂಪರಿಂಟೆಂಡೆಂಟರು ಒಮ್ಮೆ ಕೇಬಲ್ ನೋಡಿದರು, ಒಮ್ಮೆ ಪರದೆ. ಮೆಚ್ಚಿನ ಮಗ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗಿತ್ತು ಅವರ ಮುಖ.

ಆಮೇಲೆ ನಾನೂ ಟೈಯೂ ಟರ್ಮಿನಲ್ ಮುಂದೆ ಕೂತೆವು. ಪರದೆಗೆ ಲೆಕ್ಕ ಒಪ್ಪಿಸುವುದು ನೆಟ್‌ಸ್ಟ್ಯಾಟ್ ಅನ್ನುವ ಕಮಾಂಡು. ಯಾವ ಕಾರ್ಡಿನಲ್ಲಿ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಕೆಟ್ಟಿತು — ಒಂದು ಕಾರ್ಡಿಗೆ ಒಂದು ಸಾಲು. ಅಜ್ಜಿ, ತಾತ, ಅತ್ತೆ ಸರಿಯಾಗಿದ್ದಾರೆ. ಕೆಳಗೆ ಎರಡು ಸಾಲು, ಎರಡಕ್ಕೂ ಒಂದೇ ಹೆಸರು: ಚಿಕ್ಕ್. ಚಿಕ್ಕ್.

ಟೈ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. “ಅಮ್ಮ, ಈ ಹಳೇ ಯುನಿಕ್ಸಲ್ಲಿ ಇದು ಹೆಸರನ್ನ ಐದಕ್ಷರಕ್ಕೆ ಕತ್ತರಿಸತ್ತೆ. ನನ್ನ ಪ್ರೋಗ್ರಾಮು ಆ ಹೆಸರಿನ ಮೊದಲ ಸಾಲು ಸಿಕ್ಕಿದ್ರೆ ಸಾಕು ಅಂತ ತಗೊಳ್ಳತ್ತೆ.”

ಅಜ್ಜಿ, ತಾತ, ಅತ್ತೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಕತ್ತರಿಗೆ ಸಿಗಲಿಲ್ಲ. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಉದ್ದ. ಐದಕ್ಷರದಲ್ಲಿ ನಿಲ್ಲಿಸಿದರೆ ಇಬ್ಬರೂ ಬರೀ ಚಿಕ್ಕ, ಅಪ್ಪನೂ ಇಲ್ಲ ಅಮ್ಮನೂ ಇಲ್ಲ. ಮೊದಲ ಸಾಲು ಚಿಕ್ಕಪ್ಪನದು. ಪರದೆ ಎರಡು ಸಲ ಅವನನ್ನೇ ಕೇಳಿ, ಎರಡು ಸಲವೂ ಅವನ ಕ್ಷೇಮ ಸಮಾಚಾರವನ್ನೇ ಬರೆದುಕೊಂಡಿದೆ. ಇನ್ನಷ್ಟು ಚಿಕ್ಕ ಹೆಸರು ಇಟ್ಟಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ.

ಆ ಇಬ್ಬರು ನಮ್ಮ ಮನೆಯಲ್ಲಿ ಯಾರು ಅಂತ ಟೈಗೆ ಬಿಡಿಸಿ ಹೇಳಿದೆ. ಭಾನುವಾರದ ಫೋನಿನ ಕಥೆಯನ್ನೂ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಟೈಯಲ್ಲೇ ಒರೆಸಿಕೊಂಡ. ಅದಕ್ಕೊಂದು ಉಪಯೋಗ ಆಯಿತು.

ಪರಿಹಾರ ಅವನಿಗೆ ಗೊತ್ತಿತ್ತು. ಕಮಾಂಡಿನ ಕೊನೆಗೆ ದೊಡ್ಡ ಡಬ್ಲ್ಯೂ ಸೇರಿಸಿದರೆ ಕತ್ತರಿಸುವುದಿಲ್ಲ, ಪೂರ್ತಿ ಹೆಸರು ಬರೆಯುತ್ತದೆ. ಇಷ್ಟು ವರ್ಷ ಓದಿದ ಮ್ಯಾನುಯಲ್‌ನಲ್ಲಿ ಆ ಅಕ್ಷರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸೇರಿಸಿದ. ಚಿಕ್ಕಪ್ಪ ಒಂದು ಸಾಲು. ಚಿಕ್ಕಮ್ಮ ಒಂದು ಸಾಲು. ಮೊದಲ ಸಲ ಅವಳ ಹೆಸರು ಪೂರ್ತಿ.

ಕೇಬಲ್ ವಾಪಸ್ ಸಿಕ್ಕಿಸಿ ಕಾದೆವು. ಹೊಳೆಯಾಚೆಯಿಂದ ದಿನದ ಮೊದಲ ಎಕ್ಸ್‌ರೇ ಹೊರಟಿತು. ಚಿಕ್ಕಮ್ಮನ ಸಾಲಿನಲ್ಲಿ ಎರರ್ ಏರತೊಡಗಿತು... ಏರಿತು, ಇನ್ನೂ ಏರಿತು. ದೀಪ ಹಳದಿಯಾಯಿತು. ಕೆಂಪಾಯಿತು.

ಕೆಂಪು ನೋಡಿ ಇಷ್ಟು ಸಂತೋಷಪಟ್ಟವರು ಆಸ್ಪತ್ರೆಯಲ್ಲಿ ನಾವಿಬ್ಬರೇ ಇರಬೇಕು.

ಫೆಬ್ರವರಿ ೧೦, ಮಂಗಳವಾರ

ಸಂತೋಷ ಒಂದು ದಿನದ್ದು. ಸೂಪರಿಂಟೆಂಡೆಂಟರು ವಾರಗಿತ್ತಿಯ ಮೇಲಿನ ಮಾತು ಹಿಂದೆ ತೆಗೆದುಕೊಂಡರು. ಕಳಿಸುವವರ ತಪ್ಪಲ್ಲ ಅಂತ ನೋಟೀಸ್ ಬೋರ್ಡಿಗೂ ಹಾಕಿಸಿದರು. ಅಷ್ಟು ದೊಡ್ಡತನ ಇದೆ. ಆದರೆ ದಾರಿಯೇ ಕೆಟ್ಟಿದೆ ಅಂದಮೇಲೆ ಕೋಣೆ ಇಟ್ಟುಕೊಂಡು ಏನು ಮಾಡುವುದು ಅಂತಲೂ ಕೇಳಿದರು. ಹೊಸ ದಾರಿ ಹಾಕಿಸುವುದು ಈ ವರ್ಷ ಆಗದ ಮಾತು. ತಿಂಗಳ ಕೊನೆ ಅಂದದ್ದು ತಿಂಗಳ ಕೊನೆಯೇ.

ದಾರಿ ಯಾಕೆ ಕೆಟ್ಟಿದೆ ಅಂತ ಯಾರೂ ಕೇಳಲಿಲ್ಲ. ನಾನು ಕೇಳುತ್ತೇನೆ.

ಫೆಬ್ರವರಿ ೧೪, ಶನಿವಾರ

ಕೇಬಲ್ ಬದಲಿಸಿದೆ. ಹಾಗೇ ಇದೆ. ಕಾರ್ಡ್ ತೆಗೆದು ಒರೆಸಿ ಕೂರಿಸಿದೆ. ಹಾಗೇ. ಟೈ ಟೆರೇಸಿಗೆ ಹತ್ತಿ ರೇಡಿಯೋ ತಟ್ಟೆ ನೋಡಿ ಬಂದ. ನೇರ ನಿಂತಿದೆ, ಸಿಗ್ನಲ್ ಚೆನ್ನಾಗಿದೆ, ಪಾರಿವಾಳದ ಗೂಡೂ ಇಲ್ಲ. ಗಾಳಿಯ ದಾರಿ ಸರಿಯಿದೆ ಅಂದಮೇಲೆ ತೊಂದರೆ ಈ ಕಟ್ಟಡದ ಒಳಗೇ ಇರಬೇಕು. ತಟ್ಟೆಯ ಡಬ್ಬಿಯಿಂದ ನನ್ನ ಸರ್ವರ್‌ವರೆಗಿನ ಒಂದು ಮಹಡಿಯಲ್ಲಿ.

ಖಾಲಿ ಇರುವಾಗ ಎರರ್ ಇಲ್ಲ. ಎರಡೂ ಕಡೆಯಿಂದ ಮಾತು ಜೋರಾದಾಗ ಮಾತ್ರ. ಯಾಕೆ?

ಮಂಡಿ ನೋವು.

ಫೆಬ್ರವರಿ ೧೫, ಭಾನುವಾರ. ಊಟವಾದ ಮೇಲೆ

ಮೈದುನ, ವಾರಗಿತ್ತಿ ಊಟಕ್ಕೆ ಬಂದಿದ್ದರು. ನಾನು ಮಂಕಾಗಿದ್ದೆ. ಅವಳೇ ನನಗೆ ಸಮಾಧಾನ ಹೇಳುವ ಹಾಗಾಯಿತು. ಕೋಣೆ ಹೋದರೆ ಹೋಗಲಿ ಬಿಡಿ ಅಕ್ಕ ಅಂದಳು. ಹಾಗೆ ಅಂದವಳು ತಟ್ಟೆಯಲ್ಲಿ ಅನ್ನವನ್ನು ಬರಿದೇ ಆ ಕಡೆ ಈ ಕಡೆ ತಳ್ಳುತ್ತಿದ್ದಳು.

ಆಮೇಲೆ ತಲೆಯೆತ್ತಿ, “ಅಕ್ಕ, ಎಕ್ಸ್‌ರೇ ಪಕ್ಕದ ಖಾಲಿ ಕೋಣೆ ಇದೆಯಲ್ಲ, ಅದರಲ್ಲಿ ನಾನೊಂದು—”

“ಸಾರು ಬಡಿಸಿ ಅತ್ತಿಗೆ,” ಅಂದ ಮೈದುನ. ಉಗ್ರಾಣದ ಕಥೆ ಶುರುಮಾಡಿದ.

ಅವಳು ನಿಲ್ಲಿಸಿದಳು. ಅವನು ಉಸಿರು ತೆಗೆದುಕೊಂಡಾಗ ಮೊದಲಿನಿಂದ ಶುರುಮಾಡಿದಳು — ಆ ಖಾಲಿ ಕೋಣೆ ಇದೆಯಲ್ಲ. ಅವನು ಮತ್ತೆ ಮಾತಾಡಿದ. ಅವಳು ಮತ್ತೆ ನಿಲ್ಲಿಸಿದಳು. ಪಾಪ, ಅವನಿಗೆ ಕೆಟ್ಟ ಮನಸ್ಸಿಲ್ಲ. ಇಬ್ಬರೂ ಒಟ್ಟಿಗೆ ಮಾತಾಡಬಹುದು ಅಂತ ಅವನ ಲೆಕ್ಕ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಅಂತ ಅವಳ ಲೆಕ್ಕ. ಒಂದೇ ಮೇಜಿಗೆ ಎರಡು ಲೆಕ್ಕ. ನಮಸ್ಕಾರ, ಹೂಂ, ಉಪ್ಪು ಕೊಡಿ — ಚಿಕ್ಕ ಮಾತೆಲ್ಲ ದಾಟುತ್ತದೆ. ದೊಡ್ಡ ಮಾತು ಅರ್ಧಕ್ಕೆ.

ಸೌಟು ಕೈಯಲ್ಲೇ ನಿಂತಿತು.

ಮೊಣಕೈವರೆಗೆ ಬರುತ್ತದೆ. ಮಣಿಕಟ್ಟು ಬರುವುದಿಲ್ಲ.

ಸಾರು ಚೆಲ್ಲಿತು ಅತ್ತಿಗೆ ಅಂದ. ಚೆಲ್ಲಲಿ ಬಿಡೋ ಮಾರಾಯ ಅಂದೆ. ನಾಳೆ ಬೆಳಗಾಗುವುದನ್ನೇ ಕಾಯುತ್ತಿದ್ದೇನೆ.

ಫೆಬ್ರವರಿ ೧೬, ಸೋಮವಾರ. ಮಧ್ಯಾಹ್ನ

ಆಯಿತು! ಆಯಿತು!

ಕ್ರಮವಾಗಿ ಬರೆಯುತ್ತೇನೆ.

ಟೆರೇಸಿನ ಬಾಗಿಲ ಹತ್ತಿರ ರೇಡಿಯೋ ಡಬ್ಬಿ ಇದೆ, ಅದರ ಮುಖದಲ್ಲಿ ಪುಟ್ಟ ದೀಪಗಳು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದೆ. ಫುಲ್ ಡ್ಯೂಪ್ಲೆಕ್ಸ್ ದೀಪ ಆರಿದೆ. ಅಂದರೆ ಡಬ್ಬಿ ಸರದಿ ಕಾಯುತ್ತದೆ, ನೀನು ಮಾತಾಡಿದರೆ ನಾನು ಸುಮ್ಮನೆ. ಕೆಳಗಿಳಿದು ಬಂದು ಸರ್ವರನ್ನು ಕೇಳಿದೆ. ಚಿಕ್ಕಮ್ಮನ ಕಾರ್ಡಿನಲ್ಲಿ ಫುಲ್ ಡ್ಯೂಪ್ಲೆಕ್ಸ್, ಕಟ್ಟುನಿಟ್ಟಾಗಿ ಬರೆದಿಟ್ಟಿದೆ. ಅಂದರೆ ಸರ್ವರ್ ಯಾರಿಗೂ ಕಾಯುವುದಿಲ್ಲ, ಕೇಳುತ್ತಲೇ ಮಾತಾಡುತ್ತದೆ. ಡಬ್ಬಿ ಚಿತ್ರ ಹೇಳಲು ಹೊರಡುತ್ತದೆ, ಇದು ನಡುವೆ ಬಾಯಿ ಹಾಕುತ್ತದೆ, ಅದು ಪಾಪ ತುಂಡು ಮಾಡಿ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತದೆ. ಆ ತುಂಡುಗಳೇ ಎರರ್.

ಟೈ ಕೇಳಿದ, “ಇದನ್ನ ಹೀಗೆ ಗಟ್ಟಿ ಮಾಡಿ ಇಟ್ಟಿದ್ದು ಯಾರಮ್ಮ?”

“ನಾನೇ. ಮುಂದಿನ ಪ್ರಶ್ನೆ ಕೇಳು.”

ಉಗ್ರಾಣದ ಕಡೆಯ ಹಳೆಯ ಡಬ್ಬಿಗೆ ಹಾಗೇ ಬರೆಯಬೇಕು, ಅದೂ ಹಾಗೇ ಗಟ್ಟಿಯಾಗಿದೆ. ಇಬ್ಬರೂ ಬಾಯಿಬಡುಕರು, ಸರಿಹೋಗುತ್ತದೆ. ಹೊಸ ಕಾರ್ಡು ಬಂದ ದಿನ ಚಿಕ್ಕಪ್ಪನ ಸಾಲನ್ನೇ ನಕಲು ಮಾಡಿ ಚಿಕ್ಕಮ್ಮನಿಗೂ ಹಾಕಿದ್ದೆ. ಗಂಡನಿಗೆ ಹೊಲಿಸಿದ ಅಂಗಿ ಹೆಂಡತಿಗೆ ತೊಡಿಸಿದ ಹಾಗೆ.

ದೀಪ ನೋಡಲು ಟೈಯನ್ನು ಮೇಲೆ ಕಳಿಸಿ, ಫುಲ್ ಡ್ಯೂಪ್ಲೆಕ್ಸ್ ಅಳಿಸಿ ಆಟೋ ಅಂತ ಬರೆದೆ. ಅಷ್ಟೆ. ನೀವಿಬ್ಬರೂ ಮೊದಲು ಮಾತಾಡಿಕೊಂಡು ಒಂದು ಒಪ್ಪಂದಕ್ಕೆ ಬನ್ನಿ ಅಂತ ಅರ್ಥ. ಲೈನು ಒಂದು ಕ್ಷಣ ಸತ್ತಿತು... ಬಂತು. ಟೈ ಮೇಲಿನಿಂದ ಕೂಗಿದ, ದೀಪ ಹತ್ತಿದೆಯಂತೆ.

ಕಳಿಸೇ ಅಂತ ವಾರಗಿತ್ತಿಗೆ ಫೋನಿನಲ್ಲಿ ಹೇಳಿದೆ. ಒಬ್ಬ ಬಡಗಿ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕಾಯುತ್ತಿದ್ದನಂತೆ, ಬಲಗೈ. ಎಲುಬಿನ ಡಾಕ್ಟರು, ಸೂಪರಿಂಟೆಂಡೆಂಟರು, ಟೈ, ಲ್ಯಾಬಿನವರು — ಎಲ್ಲರೂ ಒಂದೇ ಕಂಪ್ಯೂಟರಿನ ಹಿಂದೆ. ಚಿತ್ರ ಮೇಲಿನಿಂದ ಇಳಿಯತೊಡಗಿತು. ಭುಜ. ತೋಳು. ಮೊಣಕೈ...

ಮೊಣಕೈ ಹತ್ತಿರ ನನ್ನ ಉಸಿರು ನಿಂತಿತು. ಅದು ನಿಲ್ಲಲಿಲ್ಲ.

ಮಣಿಕಟ್ಟು. ಅಂಗೈ. ಐದು ಬೆರಳು, ಬೆರಳ ತುದಿಯವರೆಗೆ. ಕಿರುಬೆರಳಿನಲ್ಲಿ ಉಂಗುರವೂ ಇತ್ತು. ಉಂಗುರ ತೆಗೆಸಬೇಕಿತ್ತು ಅಂತ ಡಾಕ್ಟರು ಗೊಣಗಿದರು. ಅಷ್ಟು ಸಿಹಿಯಾದ ಗೊಣಗಾಟ ನಾನು ಕೇಳಿಲ್ಲ.

ಬಿರುಕು ಎಲ್ಲಿದೆ ಅಂತ ಅಲ್ಲೇ ಬೆರಳಿಟ್ಟು ತೋರಿಸಿ, ಫೋನಿನಲ್ಲೇ ವಾರಗಿತ್ತಿಗೆ ಪಟ್ಟಿ ಹೇಗೆ ಕಟ್ಟಿಸಬೇಕು ಅಂತ ಹೇಳಿದರು. ಬಡಗಿ ಹೊಳೆ ದಾಟಲಿಲ್ಲ. ಹೋದ ವಾರ ಅರ್ಧಕ್ಕೆ ನಿಂತವನ್ನೆಲ್ಲ ಅವಳು ಒಂದರ ಹಿಂದೆ ಒಂದು ಕಳಿಸಿದಳು. ಎಲ್ಲವೂ ಬಂದವು, ಕಾಲು ಕೈ ಸಮೇತ. ಎರರ್ ಸೊನ್ನೆ. ಈ ಸಲ ಸೊನ್ನೆ ಅವಳದೇ.

ಫೆಬ್ರವರಿ ೧೭, ಮಂಗಳವಾರ. ಸಂಜೆ, ಮನೆ

ಕೋಣೆ ಉಳಿಯಿತು. ಸೂಪರಿಂಟೆಂಡೆಂಟರು ಬೆಳಿಗ್ಗೆ ಖುದ್ದಾಗಿ ಬಂದು ಹೇಳಿದರು. ಹೋಗುವ ಮುಂಚೆ ಸ್ವಲ್ಪ ತಡವರಿಸಿ, ದಿನಾ ಬೆಳಿಗ್ಗೆ ಒಂದೊಂದು ಕೇಬಲ್ ಕಿತ್ತು ಪರದೆಯನ್ನ ಪರೀಕ್ಷೆ ಮಾಡಬಹುದಾ ಅಂತ ಕೇಳಿದರು. ವಾರಕ್ಕೊಮ್ಮೆ ಸಾಕು ಅಂದೆ. ನಂಬಿಕೆ ಮುರಿದ ಮೇಲೆ ಪ್ರೀತಿ ಇನ್ನೂ ಗಟ್ಟಿಯಾದ ಹಾಗೆ ಕಾಣುತ್ತದೆ.

ಚಿಕ್ಕ ಹೆಸರು ಇಡೋಣವಾ ಅಂತ ಟೈ ಕೇಳಿದ್ದ. ಬೇಡ ಅಂದೆ. ಇಬ್ಬರ ಹೆಸರೂ ಉದ್ದವಾಗಿಯೇ ಇರಲಿ, ನಿನ್ನ ಪರದೆ ಪೂರ್ತಿ ಓದುವುದು ಕಲಿಯಲಿ. ಸರಿ ಸರ್ವರಜ್ಜಿ ಅಂದುಬಿಟ್ಟ, ನಾಲಿಗೆ ಕಚ್ಚಿಕೊಂಡ. ಮೊದಲ ಸಲ ಎದುರಿಗೇ ಕೇಳಿದೆ. ಚೆನ್ನಾಗಿಯೇ ಇದೆ.

ಮೈದುನನಿಗೆ ಎಲ್ಲ ಕಥೆ ಹೇಳಿದೆ, ಐದಕ್ಷರದ್ದು, ಬಾಯಿ ಹಾಕುವುದು, ಎಲ್ಲ. ತಲೆ ಕೆರೆದುಕೊಂಡು, ನಾನು ಅಷ್ಟು ಮಾತಾಡ್ತೀನಾ ಅತ್ತಿಗೆ ಅಂದ. ಉತ್ತರ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನೇ ಮಾತಾಡಿದ.

ಕತ್ತಲಾಗುತ್ತಿದೆ. ದೀಪ ಹಾಕಬೇಕು. ಬೆಳಿಗ್ಗೆ ಬಕೆಟ್... ಆ ಎ.ಸಿ. ಪೈಪಿಗೂ ಒಂದು ಗತಿ ಕಾಣಿಸಬೇಕು, ಇನ್ನು ನನಗೆ ಯಾವುದೂ ಅಸಾಧ್ಯ ಅನ್ನಿಸುತ್ತಿಲ್ಲ.

ಫೋನ್. ವಾರಗಿತ್ತಿಯ ನಂಬರು. ಈ ಸಲ ದನಿಯೂ ಅವಳದೇ.

“ಅಕ್ಕ, ಆ ಖಾಲಿ ಕೋಣೇಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟರೆ ಹೇಗೆ ಅಂತ. ಬಸುರಿ ಹೆಂಗಸರು ಹೊಳೆ ದಾಟೋದು ತಪ್ಪತ್ತೆ. ನಾನು ಕಲಿತು ಬರ್ತೀನಿ. ಚಿತ್ರ ಹೇಗೂ ಈಗ ಪೂರ್ತಿ ಹೋಗತ್ತಲ್ಲ. ಇನ್ನೂ ಇದೆ, ಹೇಳಲಾ?”

ಹೇಳು ಅಂದೆ. ಬರೆಯುತ್ತ ಕೇಳಿದರೆ ನಾನೂ ನಡುವೆ ಬಾಯಿ ಹಾಕಿದ ಹಾಗೆ. ಪೆನ್ನು ಇಡುತ್ತೇ—